ಹೇಳಲು ಹೋದವಳನ್ನು ತಡೆದ ಥೆರಪಿಸ್ಟ್

ನಾನು ಅಪಘಾತದ ಭಯಕ್ಕೆ ಚಿಕಿತ್ಸೆ ಪಡೆಯುತ್ತಿರುವ ಈ ಥೆರಪಿ ಕ್ಲಿನಿಕ್‌ಗೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಐದನೆಯದು ತಪ್ಪಿದ್ದು ರಿಸೆಪ್ಷನ್‌ನಿಂದ, ಅದನ್ನು ಆಮೇಲೆ ಹೇಳುತ್ತೇನೆ.

ಕಾರು ಅಪಘಾತದಲ್ಲಿ ನನಗೆ ಒಂದು ಮೂಳೆಯೂ ಮುರಿದಿರಲಿಲ್ಲ. 'ಏನೂ ಆಗ್ಲಿಲ್ವಲ್ಲ, ಪುಣ್ಯ' ಅಂದರು ಎಲ್ಲರೂ. ಆದರೆ ಆಮೇಲೆ ಯಾರ ಪಕ್ಕದ ಸೀಟಿನಲ್ಲಿ ಕೂತರೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮಕ್ಕಳು ಬಾಗಿಲನ್ನು ಧಡಾರನೆ ಹಾಕಿದರೆ ರೇಗಿಬಿಡುತ್ತಿದ್ದೆ. ಅಪಘಾತವಾದ ತಿರುವನ್ನು ತಪ್ಪಿಸಲು ಎಷ್ಟು ದೂರ ಬೇಕಾದರೂ ಸುತ್ತಿ ಹೋಗುತ್ತಿದ್ದೆ. ಸುಸ್ತು, ಸಿಡುಕು, ನಿದ್ದೆಗೇಡು ಅಂತ ಬೇರೆ ಬೇರೆ ಹೆಸರಿಟ್ಟುಕೊಂಡಿದ್ದ ಇವೆಲ್ಲ ಒಂದೇ ಬೇರಿನವು ಅಂತ ಗೊತ್ತಾಗಿದ್ದು ಇಲ್ಲಿ, 20 ಪ್ರಶ್ನೆಗಳ ಒಂದು ಫಾರ್ಮ್ ತುಂಬುವಾಗ. ಕಳೆದ ಒಂದು ತಿಂಗಳಲ್ಲಿ ಯಾವುದು ಎಷ್ಟು ಕಾಡಿತು ಅಂತ 0ಯಿಂದ 4ರವರೆಗೆ ಗುರುತು ಹಾಕಬೇಕು. ಅಂಕ ನೋಡಿದ ಕೂಡಲೇ ಥೆರಪಿಸ್ಟ್ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ತೊಂದರೆ) ಅಂತ ಹಣೆಪಟ್ಟಿ ಹಚ್ಚಲಿಲ್ಲ. ಅದು ಬರೀ ಸುಳಿವು, ಕೂತು ಮಾತಾಡಿದ ಮೇಲೆ ನಿರ್ಧಾರ ಎಂದರು.

ನನಗೆ ಬಹಳ ಹಿಡಿಸಿದ ಸಂಗತಿ ಇದು: ಅಪಘಾತದ ಕಥೆಯನ್ನೆಲ್ಲ ಮೊದಲ ದಿನವೇ ಸುರಿದುಬಿಡೋಣ ಅಂತ ಹೋಗಿದ್ದೆ. ಥೆರಪಿಸ್ಟ್ ಮಧ್ಯದಲ್ಲೇ ತಡೆದರು. 'ನಿಮ್ಮ ಉಸಿರು ನೋಡಿ, ಮೇಲೆಮೇಲೆ ಓಡ್ತಿದೆ. ಇವತ್ತು ಇಷ್ಟು ಸಾಕು.' ನನಗೆ ಸಿಟ್ಟೇ ಬಂತು, ಕೊಟ್ಟ ದುಡ್ಡಿಗೆ ಕೇಳಿಸಿಕೊಳ್ಳಬಾರದೇ ಅಂತ. ಕೆಲವು ವಾರ ಬರೀ ತಯಾರಿ: ಅಂಗಾಲನ್ನು ನೆಲಕ್ಕೂರುವುದು, ಕಣ್ಣಿಗೆ ಬಿದ್ದ ಐದು ವಸ್ತುಗಳ ಹೆಸರು ಹೇಳುವುದು, ಮನಸ್ಸಿಗೆ ನೆಮ್ಮದಿ ಕೊಡುವ ಒಂದು ಜಾಗವನ್ನು ನೆನೆಯುವುದು. ಬೇಜಾರಿನ ಕೆಲಸ. ಆದರೆ ನಿಜವಾದ ಸೆಷನ್ ಶುರುವಾದಾಗ ನನ್ನನ್ನು ಕುರ್ಚಿಯಲ್ಲಿ ಕೂರಿಸಿದ್ದು ಆ ಅಂಗಾಲೇ.

ಇಲ್ಲಿ ಮಾಡುವುದು ಇಎಂಡಿಆರ್, ಅಂದರೆ ಕಣ್ಣು ಆಡಿಸುತ್ತ ಆಘಾತದ ನೆನಪಿನ ಸಂಕಟ ತಗ್ಗಿಸುವ ಚಿಕಿತ್ಸೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸಿನ್ ಶಪಿರೊ 1987ರಲ್ಲಿ ಶುರು ಮಾಡಿದ ಪದ್ಧತಿ, ಒಟ್ಟು ಎಂಟು ಹಂತ. ಅಪಘಾತದ ಗಳಿಗೆಯ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಥೆರಪಿಸ್ಟ್ ಬೆರಳು ಆಡಿಸಿದ ಕಡೆ ಕಣ್ಣು ಓಡಿಸಬೇಕು. ಸ್ವಲ್ಪ ಹೊತ್ತಿಗೆ ಬೆರಳು ನಿಲ್ಲಿಸಿ 'ಈಗ ಏನು ಬಂತು?' ಅಂತ ಕೇಳುತ್ತಾರೆ, ಅಷ್ಟೇ. ಉಪದೇಶವಿಲ್ಲ. ಸಂಕಟ ಎಷ್ಟಿದೆ ಅಂತ 0ಯಿಂದ 10ರೊಳಗೆ ಹೇಳಬೇಕು. ನಾನು 9ರಿಂದ ಶುರು ಮಾಡಿದೆ. ಒಂದು ಸಲ ಅವರು 'ಕಾಲು ಏನು ಮಾಡ್ತಿದೆ?' ಅಂದಾಗ ಕೆಳಗೆ ನೋಡಿದೆ. ಬಲಗಾಲು ಕಾರ್ಪೆಟ್ಟನ್ನು ಒತ್ತಿ ಹಿಡಿದಿತ್ತು. 'ಒತ್ತಿ, ಪೂರ್ತಿ ಒತ್ತಿ' ಅಂದರು. ಒತ್ತಿದೆ, ತೊಡೆ ನಡುಗಿತು, ಅತ್ತೆ. ಈಗ ಅದೇ ಚಿತ್ರ ನೆನೆದರೆ 2. ಇನ್ನೂ 0 ಆಗಿಲ್ಲ.

ಕಣ್ಣಾಡಿಸಿದರೆ ಭಯ ಹೋಗುತ್ತಾ ಅಂತ ನಮ್ಮವರು ನಕ್ಕಿದ್ದರು. ಗುಣವಾಗುವುದು ಕಣ್ಣಿನ ಚಲನೆಯಿಂದಲೋ, ನೆನಪನ್ನು ಎದುರಿಸಿದ್ದರಿಂದಲೋ ಎಂಬ ವಾದ ತಜ್ಞರಲ್ಲೂ ಮುಗಿದಿಲ್ಲ. ಆದರೂ ಆಘಾತದ ನಂತರದ ತೊಂದರೆಗೆ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಹೇಳಿದ ಚಿಕಿತ್ಸೆಗಳಲ್ಲಿ ಇದೂ ಒಂದು. ನನಗೆ ಅಷ್ಟು ಸಾಕಾಯಿತು.

ಸೆಷನ್ ಮುಗಿದ ದಿನ ಆಫೀಸಿಗೆ ಹೋಗುವ ಯೋಚನೆ ಬಿಡಿ. ತಲೆ ಭಾರ, ರಾತ್ರಿ ಚಿತ್ರವಿಚಿತ್ರ ಕನಸು, ಸುಮ್ಮಸುಮ್ಮನೆ ಅಳು. ಇದನ್ನು ಮೊದಲೇ ಹೇಳಿದ್ದರು, ಆದ್ದರಿಂದ ಗಾಬರಿಯಾಗಲಿಲ್ಲ.

ಇನ್ನು ರಿಸೆಪ್ಷನ್. ನಾಲ್ಕು ಜನ ಕಾಯುತ್ತ ಕೂತಿರುವಾಗ 'ಯಾವ ಟ್ರಾಮಾ ಮೇಡಂ, ಆಕ್ಸಿಡೆಂಟಾ, ಫ್ಯಾಮಿಲಿನಾ?' ಅಂತ ಜೋರಾಗಿ ಕೇಳಿದರು. ಒಳಗೆ ಅಷ್ಟು ಜೋಪಾನ ಮಾಡುವ ಜಾಗದಲ್ಲಿ ಬಾಗಿಲಲ್ಲೇ ಹೀಗೆ! ಥೆರಪಿಸ್ಟ್‌ಗೆ ದೂರು ಕೊಟ್ಟೆ. ಈಗ ವಿವರವನ್ನೆಲ್ಲ ಮೆಸೇಜ್‌ನಲ್ಲೇ ತಗೊಳ್ತಾರೆ. ಹೊಸಬರು ಮೆಸೇಜ್‌ನಲ್ಲೇ ಕೊಡ್ತೀವಿ ಅಂತ ಮೊದಲೇ ಕೇಳಿಕೊಂಡರೆ ಒಳ್ಳೆಯದು, ಅವರಾಗೇ ಹೇಳುವುದಿಲ್ಲ.