ಆರ್‌ಡಿ 350 ಕಾರ್ಬ್ ಸಿಂಕ್ ಮಾಡಿಸ್ತಿದ್ದೀರಾ? ಆಯಿಲ್ ಪಂಪ್ ಕೇಬಲ್ ನೋಡದೆ ಗಾಡಿ ಹೊರಗೆ ತೆಗೀಬೇಡಿ

ಆರ್‌ಡಿ 350 ಬೈಕ್ ಇಟ್ಕೊಂಡಿರೋರು, ಅದ್ರಲ್ಲೂ ಯಾರಾದ್ರೂ ಮನೆಗೇ ಬಂದು ಕಾರ್ಬ್ (ಪೆಟ್ರೋಲ್ ಗಾಳಿ ಕಲಸಿ ಇಂಜಿನ್‌ಗೆ ಬಿಡೋ ಕಾರ್ಬ್ಯುರೇಟರ್) ಟ್ಯೂನ್ ಮಾಡ್ಕೊಡ್ತೀನಿ ಅಂದಿದ್ರೆ, ಹೂಂ ಅನ್ನೋಕೆ ಮುಂಚೆ ದಯವಿಟ್ಟು ಇದನ್ನ ಪೂರ್ತಿ ಓದಿ. ನಮ್ಮ ಗಾಡಿ ಎಡಗಡೆ ಪಿಸ್ಟನ್ ಹೈವೇ ಮಧ್ಯದಲ್ಲಿ ಸೀಜ್ ಆಯ್ತು, ಅಂದ್ರೆ ಸಿಲಿಂಡರ್ ಒಳಗೇ ಕಚ್ಕೊಂಡು ನಿಂತೋಯ್ತು, ಕಾರ್ಬ್ ಸಿಂಕ್ (ಎರಡೂ ಕಾರ್ಬ್ ಸಮ ಮಾಡೋದು) ಮಾಡಿದ ರೀತಿಯಿಂದಾನೇ ಆಯ್ತು. ಸಿಂಕ್ ಆದ್ಮೇಲೆ ಗಾಡಿ ಮುಂಚೆಗಿಂತ ಚೆನ್ನಾಗಿ ಓಡ್ತಾ ಇತ್ತು, ಸೌಂಡ್ ಚೆನ್ನಾಗಿತ್ತು, ಹೊಗೆ ಕಮ್ಮಿ ಆಗಿತ್ತು. ನಾನು ಇಷ್ಟುದ್ದ ಬರೀತಿರೋದೇ ಅದಕ್ಕೆ.

ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹೇಳ್ತೀನಿ. ಎಸ್ಕಾರ್ಟ್ಸ್‌ನವರು 1983ರಿಂದ ಯಮಹಾ ಲೈಸೆನ್ಸ್ ತಗೊಂಡು ಮಾಡಿದ ರಾಜ್‌ದೂತ್ 350 ಇದು, 347 ಸಿಸಿ, ಟೂ ಸ್ಟ್ರೋಕ್, ಎರಡು ಸಿಲಿಂಡರ್, ಸಿಲಿಂಡರಿಗೆ ಒಂದೊಂದು ಮಿಕುನಿ ಕಾರ್ಬ್. ನಮ್ಮದು ಚಿಕ್ಕಪ್ಪನ ಕಾಲದಿಂದ ಮನೇಲಿರೋ ಎಲ್‌ಟಿ (ಲೋ ಟಾರ್ಕ್) ಮಾಡೆಲ್. ಹ್ಯಾಂಡಲ್ ಹತ್ರ ಆಕ್ಸಿಲರೇಟರ್ ಕೇಬಲ್ ಒಂದೇ ಕಂಡ್ರೂ ಟ್ಯಾಂಕ್ ಕೆಳಗೆ ಅದು ಮೂರಾಗಿ ಒಡೆಯುತ್ತೆ, ಎರಡು ಕಾರ್ಬ್‌ಗಳಿಗೆ, ಮೂರನೇದು ಆಟೋಲ್ಯೂಬ್ ಅಂತಾರಲ್ಲ ಆ ಆಯಿಲ್ ಪಂಪಿಗೆ, ಟೂ ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲ್ ಜೊತೆ ಉರಿಯೋ ಆಯಿಲ್ ಬಿಡೋದು ಅದೇ. ಆ ಮೂರನೇ ಕೇಬಲನ್ನ ನೆನಪಲ್ಲಿಟ್ಕೊಳ್ಳಿ.

ಗಾಡಿಗೆ ಇದ್ದ ತೊಂದ್ರೆ ಏನೂ ದೊಡ್ಡದಲ್ಲ. ಐಡ್ಲಿಂಗ್ ನಿಲ್ತಿರ್ಲಿಲ್ಲ, ಟ್ರಾಫಿಕ್ಕಲ್ಲಿ ನಿಧಾನಕ್ಕೆ ಹೋಗುವಾಗ ಬಲಗಡೆ ಸಿಲಿಂಡರ್ ತಡವಾಗಿ ಹಿಡಿದು ಜರ್ಕ್ ಹೊಡೀತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ್ಮೇಲೆ ಹೊಸ ಗಾಡಿಗಳು ಹೆಚ್ಚಿನವು ಕಾರ್ಬ್ ಬಿಟ್ಟು ಇಂಜೆಕ್ಷನ್ ಆಗೋದ್ವು, ಏರಿಯಾದಲ್ಲಿರೋ ಹುಡುಗ ಮೆಕ್ಯಾನಿಕ್‌ಗಳು ಎರಡು ಕಾರ್ಬ್ ಇರೋ ಗಾಡಿ ಮುಟ್ಟೋಕೇ ಹಿಂದೇಟು ಹಾಕ್ತಾರೆ, ಅದಕ್ಕೆ ಪರಿಚಯದೋರೊಬ್ರು ಹೇಳಿದ ಟ್ಯೂನರ್‌ನ ಕರೆಸಿದ್ವಿ. ಹೆಸರು ಬರೆಯಲ್ಲ. ದೊಡ್ಡ ಗಾಡಿಗಳಲ್ಲಿ ಕೈ ಪಳಗಿದೆ ಅಂದ್ರು, ಕಾರ್ಬ್‌ಗಳ ಎಳೆತ ಅಳೆದು ಸಮ ಮಾಡೋ ವ್ಯಾಕ್ಯೂಮ್ ಗೇಜ್ ಸೆಟ್ ತಂದಿದ್ರು.

ತಂದಿದ್ದೇನೋ ನಿಜ, ಹಾಕೋಕೆ ಜಾಗ ಎಲ್ಲಿದೆ? ಫೋರ್ ಸ್ಟ್ರೋಕ್ ಗಾಡಿಗಳ ಮ್ಯಾನಿಫೋಲ್ಡ್‌ನಲ್ಲಿ ಗೇಜ್ ಪೈಪ್ ಸಿಗಿಸೋಕೆ ಪೋರ್ಟ್ ಇರುತ್ತೆ, ಆರ್‌ಡಿಯಲ್ಲಿ ಇಲ್ಲ. ಇಲ್ಲಿ ಸಿಂಕ್ ಅಂದ್ರೆ ಎರಡೂ ಕಾರ್ಬ್‌ನ ಸ್ಲೈಡ್ (ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳೋ ಬಾಗಿಲು) ಒಂದೇ ಸಲ, ಒಂದೇ ಎತ್ತರಕ್ಕೆ ಏಳಬೇಕು ಅಷ್ಟೇ, ಅದನ್ನ ಕಣ್ಣಿಂದ ಬೆರಳಿಂದ ನೋಡಿ ಮಾಡ್ಬೇಕು. ಇವರು ಗೇಜ್ ಬ್ಯಾಗಿಗೆ ಹಾಕಿ ಕಿವಿಯಲ್ಲೇ ಶುರು ಮಾಡಿದ್ರು. ಎರಡೂ ಕಾರ್ಬ್ ಕೇಬಲ್ ಅಡ್ಜಸ್ಟರ್ ತಿರುಗಿಸಿ ಲೂಸ್ ಎಲ್ಲ ತೆಗೆದ್ರು, ಐಡಲ್ ಸ್ಕ್ರೂ ಏರಿಸಿದ್ರು, ಏರ್ ಸ್ಕ್ರೂ ಎರಡೂ ಕಡೆ ಇನ್ನಷ್ಟು ಬಿಚ್ಚಿದ್ರು. ಯಾಕೆ ಅಂತ ಕೇಳಿದ್ದಕ್ಕೆ "ಸ್ವಲ್ಪ ರಿಚ್ ಇಟ್ಟಿದೀನಿ ಸಾರ್, ಇಂಜಿನ್ ಸೇಫ್ ಆಗಿರುತ್ತೆ" ಅಂದ್ರು. ರಿಚ್ ಅಂದ್ರೆ ಮಿಕ್ಸ್ಚರ್‌ನಲ್ಲಿ ಪೆಟ್ರೋಲ್ ಪಾಲು ಜಾಸ್ತಿ, ಲೀನ್ ಅಂದ್ರೆ ಕಮ್ಮಿ. ಒಂದು ರೌಂಡ್ ಹೊಡ್ಕೊಂಡು ಬಂದು, "ನೋಡಿ, ಹೊಗೆ ಕೂಡ ಹೋಯ್ತು, ಈಗ ಕರೆಕ್ಟಾಗಿ ಉರೀತಿದೆ" ಅಂತ ದುಡ್ಡು ತಗೊಂಡು ಹೋದ್ರು. ಆಯಿಲ್ ಪಂಪ್ ಕವರ್ ಬಿಚ್ಚಲೇ ಇಲ್ಲ.

ಹಾಸನದ ಕಡೆ ಹೊರಟಿದ್ದೆ, ಕುಣಿಗಲ್ ದಾಟಿ ಯಡಿಯೂರು ಆದ್ಮೇಲೆ ರೋಡ್ ಖಾಲಿ ಇತ್ತು, ಒಂದೇ ಸ್ಪೀಡಲ್ಲಿ ಹೋಗ್ತಾ ಇದ್ದೆ. ಮೊದ್ಲು ಯಾರೋ ಹಿಂದಿಂದ ಎಳೆದ ಹಾಗೆ ಪಿಕಪ್ ಕುಗ್ಗಿತು, ಏನಾಯ್ತು ಅನ್ನೋಷ್ಟರಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಟೈರ್ ಕಿರ್ರ್ ಅಂತ ಉಜ್ಕೊಂಡು ಹೋಗೋಕೆ ಶುರು ಆಯ್ತು. ಕ್ಲಚ್ ಹಿಡಿದಿದ್ದಕ್ಕೆ ಚಕ್ರ ಬಿಡ್ತು, ಪಕ್ಕಕ್ಕೆ ತಂದು ನಿಲ್ಲಿಸಿದೆ. ಹಿಂದೆ ಲಾರಿ ಇರ್ಲಿಲ್ಲ. ಟೂ ಸ್ಟ್ರೋಕ್ ಓಡಿಸೋರು ಎರಡು ಬೆರಳು ಯಾವಾಗ್ಲೂ ಕ್ಲಚ್ ಮೇಲೇ ಇಟ್ಕೊಳ್ಳಿ ಅಂತ ಹಳಬರು ಹೇಳ್ತಾರಲ್ಲ, ಅದನ್ನ ಯಾರೂ ಹಗುರವಾಗಿ ತಗೋಬೇಡಿ, ಇಂಜಿನ್ ಜಾಮ್ ಆದಾಗ ಗೇರಲ್ಲಿದ್ರೆ ಚಕ್ರಾನೂ ಜಾಮೇ.

ಗಾಡಿನ ಟೆಂಪೋಲಿ ಹಾಕ್ಕೊಂಡು ವಾಪಸ್ ತಂದು ಹಳೇ ಮೇಸ್ತ್ರಿ ಒಬ್ರ ಹತ್ರ ಬಿಚ್ಚಿಸಿದ್ವಿ. ಎಡಗಡೆ ಪಿಸ್ಟನ್ ಸೈಲೆನ್ಸರ್ ಕಡೆಯ ಮೈಯೆಲ್ಲ ಉದ್ದುದ್ದ ಗೀರು, ಅಲ್ಯುಮಿನಿಯಂ ಕರಗಿ ಬೋರ್‌ಗೆ ಮೆತ್ಕೊಂಡಿತ್ತು. ಪ್ಲಗ್ ಬೆಳ್ಳಗೆ. ಬಲಗಡೆ ಪಿಸ್ಟನ್ ಮೇಲೂ ಗೀರು ಆಗ್ಲೇ ಶುರುವಾಗಿತ್ತು. ಅವರು ಪಿಸ್ಟನ್ ಪಕ್ಕಕ್ಕಿಟ್ಟು ಮೊದ್ಲು ಬಿಚ್ಚಿದ್ದು ಪಂಪ್ ಕವರ್. ಥ್ರಾಟಲನ್ನ ಮ್ಯಾನುಯಲ್‌ನಲ್ಲಿ ಹೇಳಿರೋ ಜಾಗಕ್ಕೆ ತಂದಾಗ ಪಂಪ್ ಪುಲ್ಲಿ ಮೇಲಿನ ಗುರುತು ಪಿನ್‌ಗೆ ನೇರವಾಗಿ ಬರಬೇಕು, ನಮ್ಮದು ಎಷ್ಟೋ ಹಿಂದೆ ನಿಂತಿತ್ತು.

ಆಗಿದ್ದೇನು ಅಂದ್ರೆ, ಕಾರ್ಬ್ ಕೇಬಲ್‌ಗಳ ಲೂಸ್ ತೆಗೆದಾಗ ಸ್ಲೈಡ್‌ಗಳು ಮುಂಚೆಗಿಂತ ಬೇಗ ಏಳೋಕೆ ಶುರು ಮಾಡಿದ್ವು, ಪಂಪ್ ಕೇಬಲ್ ಮಾತ್ರ ಹಳೇ ಲೂಸಲ್ಲೇ ಉಳೀತು. ಅಂದ್ರೆ ಇಂಜಿನ್‌ಗೆ ಪೆಟ್ರೋಲ್ ಗಾಳಿ ಜಾಸ್ತಿ ಹೋಗ್ತಿದೆ, ಅದಕ್ಕೆ ತಕ್ಕ ಆಯಿಲ್ ಹೋಗ್ತಿಲ್ಲ. ಹೊಗೆ ಕಮ್ಮಿ ಆಗಿದ್ದು ಆಯಿಲ್ ಕಮ್ಮಿ ಆಗಿದ್ದಕ್ಕೆ! ಅದನ್ನ ಟ್ಯೂನಿಂಗ್ ಚೆನ್ನಾಗಾಗಿದೆ ಅನ್ನೋದಕ್ಕೆ ಸಾಕ್ಷಿ ಅಂತ ತೋರಿಸಿ ಹೋದ್ರು, ಇದು ನೆನೆಸ್ಕೊಂಡ್ರೆ ಈಗ್ಲೂ ಸಿಟ್ಟು ಬರುತ್ತೆ. ಇದರ ಜೊತೆಗೆ ಎಡಗಡೆ ಸ್ಲೈಡ್ ಬಲಗಡೆದಕ್ಕಿಂತ ಮುಂಚೆ ಏಳ್ತಿತ್ತು, ಹಾಗಾಗಿ ಭಾರ ಎಲ್ಲ ಆ ಒಂದು ಸಿಲಿಂಡರ್ ಮೇಲೆ. ಐಡಲ್ ಸ್ಕ್ರೂ ಏರಿಸಿದ್ದಕ್ಕೆ ಆ ವ್ಯತ್ಯಾಸ ನಿಂತಲ್ಲಿ ಕಿವಿಗೆ ಗೊತ್ತೇ ಆಗ್ತಿರ್ಲಿಲ್ಲ.

ಇನ್ನು ಆ ಏರ್ ಸ್ಕ್ರೂ. ಇದರಲ್ಲಿ ತುಂಬಾ ಜನ ಎಡವೋದು ನೋಡಿದೀನಿ. ಫೋರ್ ಸ್ಟ್ರೋಕ್ ಗಾಡಿಗಳ ಸಿವಿ ಕಾರ್ಬ್‌ನಲ್ಲಿ ಸ್ಕ್ರೂ ಇಂಜಿನ್ ಕಡೆಗೆ ಇರುತ್ತೆ, ಅದು ಪೆಟ್ರೋಲ್ ಮಿಕ್ಸ್ ಬಿಡೋ ಸ್ಕ್ರೂ, ಬಿಚ್ಚಿದ್ರೆ ರಿಚ್. ಆರ್‌ಡಿ ಥರದ ಸ್ಲೈಡ್ ಕಾರ್ಬ್‌ನಲ್ಲಿ ಅದು ಗಾಳಿ ಬಿಡೋ ಸ್ಕ್ರೂ, ಬಿಚ್ಚಿದ್ರೆ ಲೀನ್. ಪೂರ್ತಿ ಉಲ್ಟಾ. ಇದು ಥ್ರಾಟಲ್ ಸ್ವಲ್ಪ ತೆರೆದಾಗ ಮಾತ್ರ ಕೆಲಸ ಮಾಡೋದು, ಹಾಗಾಗಿ ಬರೀ ಇದರಿಂದಲೇ ಪಿಸ್ಟನ್ ಹೋಯ್ತು ಅನ್ನೋಕಾಗಲ್ಲ, ಆದ್ರೆ ಆಯಿಲ್ ಮೊದ್ಲೇ ಕಮ್ಮಿ ಇರೋ ಇಂಜಿನ್ನನ್ನ ಇನ್ನೂ ಬಿಸಿ ಮಾಡೋಕೆ ಅಷ್ಟು ಸಾಕು. ಮೇಲಿಂದ ಈಗ ಬಂಕಲ್ಲಿ ಸಿಗೋದು ಇ20 (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್), 2023ರ ಫೆಬ್ರವರಿಲಿ ನಮ್ಮ ಬೆಂಗಳೂರಲ್ಲೇ ಬಿಡುಗಡೆ ಮಾಡಿದ್ರಲ್ಲ ಅದು. ಎಥನಾಲ್‌ನಲ್ಲಿ ಆಮ್ಲಜನಕ ಇರೋದ್ರಿಂದ ಹಳೇ ಜೆಟ್‌ನಲ್ಲೇ (ಕಾರ್ಬ್‌ನಲ್ಲಿ ಪೆಟ್ರೋಲ್ ಹೋಗೋ ಸಣ್ಣ ತೂತಿನ ಭಾಗ) ಓಡಿಸಿದ್ರೆ ಮಿಕ್ಸ್ಚರ್ ಇನ್ನೊಂಚೂರು ಲೀನ್ ಆಗುತ್ತೆ, ಹಳೇ ರಬ್ಬರ್‌ಗಳೂ ಕೆಡ್ತವೆ.

ಮನೇಲೇ ಮಾಡ್ಕೊಳ್ಳೋರಿಗೆ ಮೇಸ್ತ್ರಿ ಮಾಡಿದ್ದನ್ನ ನೋಡಿ ಕಲಿತಿದ್ದು ಹೇಳ್ತೀನಿ. ಕಾರ್ಬ್ ಮುಟ್ಟೋ ಮುಂಚೆ ಪಾಯಿಂಟ್ (ಪ್ಲಗ್‌ಗೆ ಕಿಡಿ ಬರಿಸೋ ಸ್ವಿಚ್) ಮತ್ತೆ ಟೈಮಿಂಗ್ ಎರಡೂ ಸಿಲಿಂಡರಿಂದು ಸರಿ ಇರಬೇಕು, ಇದರಲ್ಲಿ ಸಿಲಿಂಡರಿಗೊಂದೊಂದು ಪಾಯಿಂಟ್ ಸೆಟ್, ಅದು ತಪ್ಪಿದ್ರೆ ಕಾರ್ಬ್‌ನ ಎಷ್ಟು ತಿರುಗಿಸಿದ್ರೂ ಸಮ ಆಗಲ್ಲ. ಇಂಟೇಕ್ ರಬ್ಬರ್ ಸೀಳಿದ್ಯಾ ನೋಡಿ. ಎರಡೂ ಕಾರ್ಬ್‌ನ ಫ್ಲೋಟ್ ಎತ್ತರ ಒಂದೇ ಇರ್ಲಿ, ಮೇನ್ ಜೆಟ್ ನಂಬರ್ ಒಂದೇ ಇರ್ಲಿ, ಚೀಪಾಗಿ ಸಿಗೋ ಕಿಟ್‌ಗಳ ಜೆಟ್ ಮೇಲಿನ ನಂಬರ್‌ನ ನಂಬ್ಕೋಬೇಡಿ. ಸ್ಕ್ರೂ ಬಿಚ್ಚೋಕೆ ಜೆಐಎಸ್ ಡ್ರೈವರ್ ತಗೊಳ್ಳಿ, ಜಪಾನ್ ಸ್ಕ್ರೂ ನೋಡೋಕೆ ಸ್ಟಾರ್ ಥರ ಇದ್ರೂ ಮಾಮೂಲಿ ಸ್ಟಾರ್ ಡ್ರೈವರ್ ಹಾಕಿದ್ರೆ ತಲೆ ಕಿತ್ತೋಗುತ್ತೆ. ಆಮೇಲೆ ಏರ್ ಫಿಲ್ಟರ್ ಕಡೆ ರಬ್ಬರ್ ತೆಗೆದು, ಇಂಜಿನ್ ಆಫ್ ಮಾಡಿ, ಒಂದೇ ಸೈಜಿನ ಎರಡು ಡ್ರಿಲ್ ಬಿಟ್ ಹಿಂಭಾಗನ ಎರಡೂ ಸ್ಲೈಡ್ ಕೆಳಗೆ ಇಟ್ಟು ಐಡಲ್ ಸಮ ಮಾಡಿ, ಆಮೇಲೆ ನಿಧಾನಕ್ಕೆ ಆಕ್ಸಿಲರೇಟರ್ ತಿರುಗಿಸ್ತಾ ಎರಡೂ ಒಟ್ಟಿಗೆ ಏಳ್ತವಾ ನೋಡಿ, ಬೆರಳಲ್ಲಿ ಮುಟ್ಟಿದ್ರೇ ಗೊತ್ತಾಗುತ್ತೆ. ಬಿಟ್‌ಗಳನ್ನ ಮರೀದೆ ಹೊರಗೆ ತೆಗೀರಿ. ಇದೆಲ್ಲ ಆದ್ಮೇಲೆ ಕೊನೇಲಿ ಪಂಪ್ ಕೇಬಲ್, ಯಾವಾಗ್ಲೂ ಕೊನೇಲಿ, ಕಾರ್ಬ್ ಕೇಬಲ್ ಎಷ್ಟು ಸಲ ಮುಟ್ಟಿದ್ರೋ ಅಷ್ಟು ಸಲ. ಗಾಡಿ ಸ್ಟಾರ್ಟ್ ಮಾಡಿ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ರೇಸ್ ಏರಿದ್ರೆ ಕೇಬಲ್ ಟೈಟ್ ಇದೆ ಅಂತ ಅರ್ಥ.

ಇಂಜಿನ್ ಓಡೋ ಕೆಲಸ ಏನಿದ್ರೂ ಬಯಲಲ್ಲಿ ಮಾಡಿ, ಶಟರ್ ಎಳೆದ ಗ್ಯಾರೇಜಲ್ಲಿ ಬೇಡವೇ ಬೇಡ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ನಿಂತ ಗಾಡಿ ತುಂಬಾ ಹೊತ್ತು ಓಡಿಸೋದಾದ್ರೆ ಮುಂದೆ ದೊಡ್ಡ ಫ್ಯಾನ್ ಇಡಿ, ಗಾಳಿಯಲ್ಲಿ ತಣ್ಣಗಾಗೋ ಇಂಜಿನ್ ಇದು.

ನಮ್ಮದಕ್ಕೆ ಎರಡೂ ಸಿಲಿಂಡರ್ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸ್ಬೇಕಾಯ್ತು, ಒಳ್ಳೆ ಪಿಸ್ಟನ್ ಹುಡುಕೋದೇ ಒಂದು ಕಷ್ಟ, ದುಡ್ಡಿಗಿಂತ ಅದಕ್ಕೇ ಜಾಸ್ತಿ ಅಲೆದಿದ್ದು. ಟ್ಯೂನರ್‌ಗೆ ಫೋನ್ ಮಾಡಿದ್ರೆ ಹಳೇ ಗಾಡಿ, ಹೀಗೆಲ್ಲ ಆಗುತ್ತೆ ಅಂದ್ರು, ಆಮೇಲೆ ಫೋನ್ ಎತ್ತಲಿಲ್ಲ.

ಈಗಾಗ್ಲೇ ಯಾರ ಹತ್ರಾನಾದ್ರೂ ಸಿಂಕ್ ಮಾಡಿಸಿ, ಅದಾದ್ಮೇಲೆ ಹೊಗೆ ದಿಢೀರಂತ ಕಮ್ಮಿ ಆಗಿದ್ರೆ ಗಾಡಿ ನಿಲ್ಲಿಸಿಬಿಡಿ. ಪಂಪ್ ಕವರ್ ಬಿಚ್ಚಿ ಗುರುತು ನೋಡೋವರೆಗೂ ಓಡಿಸ್ಬೇಡಿ, ಮೆಕ್ಯಾನಿಕ್ ಹತ್ರ ತಗೊಂಡು ಹೋಗ್ಲೇಬೇಕು ಅಂದ್ರೆ ಟ್ಯಾಂಕಿಗೆ ಲೀಟರಿಗೆ 20 ಎಂಎಲ್ ಲೆಕ್ಕದಲ್ಲಿ 2ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ ಆಯಿಲ್) ಹಾಕಿ ಚೆನ್ನಾಗಿ ಕಲಸಿ, ನಿಧಾನಕ್ಕೆ ಹೋಗಿ.