ಎಎವಿಗೆ ಲೈಗ್ಯಾಂಡ್ ಅಂಟಿಸೋ ಕಿಟ್: 5ಕ್ಕೆ 3, ಅದೂ ಕೆಮಿಸ್ಟ್ರಿ ಮುಖ ನೋಡಿ

ಎಎವಿ ಅಂದ್ರೆ ಸೆಲ್‌ಗಳಿಗೆ ಜೀನ್ ಸಾಗಿಸೋಕೆ ಬಳಸೋ ಪುಟ್ಟ ವೈರಸ್, ಲೈಗ್ಯಾಂಡ್ ಅಂದ್ರೆ ಸೆಲ್ ಮೇಲಿನ ರಿಸೆಪ್ಟರ್ ಹಿಡ್ಕೊಳ್ಳೋ ಅಣು. ಕಂಪನಿ ಹೆಸರು ಹಾಕಲ್ಲ, ಈ ಥರದ ಕಿಟ್‌ಗಳ ಒಳಗಿರೋ ಸಾಮಾನು ಹೆಚ್ಚುಕಮ್ಮಿ ಒಂದೇ. ಎನ್‌ಎಚ್‌ಎಸ್ ಎಸ್ಟರ್ (ಅಮೀನ್ ಗುಂಪಿಗೆ ಅಂಟೋ ಭಾಗ) ಇರೋ ಅಜೈಡ್ ಪುಡಿ, ಡಿಬಿಸಿಓ (ಅಜೈಡ್‌ಗೆ ಕೂಡೋ ಭಾಗ) ಸೇರಿಸಿರೋ ಲೈಗ್ಯಾಂಡ್, ಒಣ ಡಿಎಂಎಸ್‌ಓ, (ಪುಡಿ ಕರಗಿಸೋ ದ್ರಾವಕ), ಉಳಿದ ಪುಡಿ ಬೇರೆ ಮಾಡೋಕೆ ಎರಡು ಸ್ಪಿನ್ ಕಾಲಮ್. ನಾನು ತಗೊಂಡ ಲೈಗ್ಯಾಂಡ್ ಗ್ಯಾಲ್‌ನ್ಯಾಕ್, ಲಿವರ್ ಸೆಲ್‌ಗಳ ಮೇಲಿರೋ ರಿಸೆಪ್ಟರ್ ಹಿಡ್ಕೊಳ್ಳೋ ಸಕ್ಕರೆ. ಬಾಕ್ಸ್ ಮೇಲೆ ಪ್ರೋಟೀನ್, ಆಂಟಿಬಾಡಿ, ವೈರಸ್ ಎಲ್ಲಕ್ಕೂ ಆಗುತ್ತೆ ಅಂತ ಇದೆ, ನನ್ನ ಜಗಳ ಇರೋದೇ ಆ "ಎಲ್ಲಕ್ಕೂ" ಮೇಲೆ.

ಐಡಿಯಾ ಚೆನ್ನಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ. ಕ್ಯಾಪ್ಸಿಡ್ (ವೈರಸ್‌ನ ಪ್ರೋಟೀನ್ ಚಿಪ್ಪು) ಮೇಲಿನ ಲೈಸೀನ್‌ಗಳಿಗೆ, ಅಂದ್ರೆ ಅಮೀನ್ ಇರೋ ಅಮೈನೋ ಆಮ್ಲಗಳಿಗೆ, ಎಸ್ಟರ್ ಹೋಗಿ ಅಂಟ್ಕೊಳ್ಳುತ್ತೆ, ಅಲ್ಲಿಂದ ಅಜೈಡ್ ಬಾಲ ಹೊರಗೆ ಚಾಚಿರುತ್ತೆ, ಅದಕ್ಕೆ ಡಿಬಿಸಿಓ ತಾನಾಗೇ ಬಂದು ಸೇರುತ್ತೆ, ತಾಮ್ರ ಹಾಕಿ ವೈರಸ್ ಕೆಡಿಸ್ಕೊಳ್ಳೋ ಭಯ ಇಲ್ಲ. 2022ರ ಕೆಮಿಸ್ಟ್ರಿ ನೊಬೆಲ್ ಬಂದಿದ್ದು ಈ ಕ್ಲಿಕ್ ಕೆಮಿಸ್ಟ್ರಿಗೇ. ವೈರಸ್ ತಯಾರಿಸೋ ಡಿಎನ್‌ಎ ಉಂಗುರ, ಅಂದ್ರೆ ಪ್ಲಾಸ್ಮಿಡ್, ತಿದ್ದಿ ಕ್ಯಾಪ್ಸಿಡ್‌ಗೆ ಪೆಪ್ಟೈಡ್ ತೂರಿಸ್ಬಹುದು, ಆದ್ರೆ ಇಂಥ ಸಕ್ಕರೆ ತೂರಿಸೋಕೆ ಆಗಲ್ಲ, ಅದಕ್ಕೇ ಈ ದಾರಿ.

ಮೊದಲ್ನೇ ಸಲ ಏನೂ ಅಂಟ್ಲಿಲ್ಲ. ನಮ್ಮ ವೈರಸ್ ಟ್ರಿಸ್ ಬಫರ್‌ನಲ್ಲಿತ್ತು, ಟ್ರಿಸ್‌ನಲ್ಲೇ ಅಮೀನ್ ಇದೆ, ಎಸ್ಟರನ್ನೆಲ್ಲ ಅದೇ ನುಂಗ್ಹಾಕ್ತು. ತಪ್ಪು ನಂದೇ, ಆದ್ರೆ ಈ ಎಚ್ಚರಿಕೆ ಮ್ಯಾನುಯಲ್ ಕೊನೇ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಇರ್ಬೇಕಾ?

ಎರಡ್ನೇ ಸಲ ಬಫರ್ ಬದಲಾಯ್ಸಿ ಮಾಡ್ದೆ, ಆಗ್ಲೂ ಇಲ್ಲ. ಆಮೇಲೆ ಕೂತು ಲೆಕ್ಕ ಹಾಕ್ದಾಗ ಗೊತ್ತಾಯ್ತು. ಮ್ಯಾನುಯಲ್ ಹೇಳೋದು 20 ಪಟ್ಟು ಮೋಲಾರ್ ಹೆಚ್ಚು ಹಾಕಿ (ಒಂದು ಕಣಕ್ಕೆ 20 ಅಣು) ಅಂತ, ಅದು ಆಂಟಿಬಾಡಿ ಲೆಕ್ಕ. 10ರ ಘಾತ 12 ಎಎವಿ ಕಣ ಅಂದ್ರೆ ಕೇಳೋಕೆ ಜಾಸ್ತಿ, ಆದ್ರೆ ಅದು ಬರೀ 1.66 ಪಿಕೋಮೋಲ್, ಪ್ರೋಟೀನ್ ತೂಕದಲ್ಲಿ ಸುಮಾರು 6 ಮೈಕ್ರೋಗ್ರಾಂ ಅಷ್ಟೇ. ಅದಕ್ಕೆ 20 ಪಟ್ಟು ಅಂದ್ರೆ 33 ಪಿಕೋಮೋಲ್ ಪುಡಿ, 100 ಮೈಕ್ರೋಲೀಟರ್‌ನಲ್ಲಿ ಎಲ್ಲಿ ಸಿಗುತ್ತೆ ಅದು, ಲೈಸೀನ್ ಹುಡ್ಕೋ ಮೊದ್ಲೇ ನೀರಲ್ಲಿ ಹೈಡ್ರೋಲೈಸ್ ಆಗಿ ಹೋಗುತ್ತೆ. ಒಂದೊಂದು ಕ್ಯಾಪ್ಸಿಡ್‌ನಲ್ಲಿ 60 ಪ್ರೋಟೀನ್, ಒಂದೊಂದ್ರಲ್ಲೂ ಹಲವು ಲೈಸೀನ್, ಜೊತೆಗೆ ಜೀನೋಮ್ ಇಲ್ದೆ ಇರೋ ಖಾಲಿ ಕ್ಯಾಪ್ಸಿಡ್‌ಗಳು ಬೇರೆ ಪಾಲು ಕೇಳೋಕೆ ನಿಂತಿರ್ತವೆ, ಜೀನೋಮ್ ಎಣಿಸಿ ತೆಗೆಯೋ ವೈರಸ್ ಲೆಕ್ಕದಲ್ಲಿ, ಅಂದ್ರೆ ಟೈಟರ್‌ನಲ್ಲಿ, ಅವು ಕಾಣೋದೇ ಇಲ್ಲ.

ಹಂಗಂತ ಸುರಿಯೋಕೂ ಆಗಲ್ಲ. ಜಾಸ್ತಿ ಅಂಟಿದ್ರೆ ಕ್ಯಾಪ್ಸಿಡ್ ಸೆಲ್ ಒಳಗೆ ಹೋಗೋದೇ ಕಮ್ಮಿ ಆಗುತ್ತೆ. ನಾಲ್ಕು ಟ್ಯೂಬ್‌ನಲ್ಲಿ ಬೇರೆ ಬೇರೆ ಪ್ರಮಾಣ ಇಟ್ಟು ನೋಡ್ದೆ, ಹೆಚ್ಚು ಹಾಕಿದ ಟ್ಯೂಬ್‌ನಲ್ಲಿ ಲೆಕ್ಟಿನ್ ಬ್ಲಾಟ್ (ಸಕ್ಕರೆ ಅಂಟಿದೆಯಾ ಅಂತ ನೋಡೋ ಪರೀಕ್ಷೆ) ಫಳಫಳ, ಸೆಲ್‌ನಲ್ಲಿ ಜಿಎಫ್‌ಪಿ (ವೈರಸ್ ಜೀನ್ ತಲುಪಿಸಿದ್ರೆ ಹೊಳೆಯೋ ಹಸಿರು ಪ್ರೋಟೀನ್) ಮಾತ್ರ ಸಪ್ಪೆ. ಮಧ್ಯದ ಟ್ಯೂಬ್ ಗೆದ್ದಿತು, ಲಿವರ್ ಸೆಲ್ ಲೈನ್‌ನಲ್ಲಿ ಬರೀ ವೈರಸ್‌ಗಿಂತ ಕಣ್ಣಿಗೆ ಕಾಣೋಷ್ಟು ಚೆನ್ನಾಗಿತ್ತು, 3 ಸ್ಟಾರ್ ಬಂದಿದ್ದು ಅದಕ್ಕೇ.

ಕಾಲಮ್ ಬಗ್ಗೆ ಹೇಳ್ದಷ್ಟೂ ಕಮ್ಮಿ. ವೈರಸ್ ಪ್ಲಾಸ್ಟಿಕ್‌ಗೆ ಅಂಟ್ಕೊಳ್ಳೋ ಜಾತಿ, ಕಾಲಮ್ ದಾಟಿ ಬರೋಷ್ಟ್ರಲ್ಲಿ ಅರ್ಧಕ್ಕರ್ಧ ಮಾಯ. ಬಫರ್‌ಗೆ ಚೂರು ಪ್ಲುರಾನಿಕ್ ಎಫ್-68 (ಅಂಟೋದನ್ನ ತಡೆಯೋ ಸೋಪಿನಂಥ ವಸ್ತು) ಹಾಕಿದ್ಮೇಲೆ ಪರವಾಗಿಲ್ಲ ಅನ್ನಿಸ್ತು, ಅದು ಕಿಟ್‌ನಲ್ಲಿ ಬರಲ್ಲ. ಸಪೋರ್ಟ್‌ಗೆ ಮೇಲ್ ಹಾಕಿದ್ರೆ ಆಂಟಿಬಾಡಿ ಪ್ರೋಟೋಕಾಲ್ ಪಿಡಿಎಫ್ ಇನ್ನೊಂದ್ಸಲ ಕಳ್ಸಿದ್ರು, ಥ್ಯಾಂಕ್ಸು.

ಮತ್ತೆ ತಗೊಳ್ತೀನಾ? ಇಲ್ಲ, ಪುಡಿ ಬಿಡಿಬಿಡಿಯಾಗಿ ತರಿಸ್ಕೊಳ್ತೀನಿ. ಫ್ರಾನ್ಸಿನ ನಾಂಟ್‌ನವರು 2020ರಲ್ಲಿ ಎಎವಿ2ಗೆ ಇದೇ ಗ್ಯಾಲ್‌ನ್ಯಾಕನ್ನ ಐಸೋಥಯೋಸೈನೇಟ್ (ಇದೂ ಅಮೀನ್‌ಗೆ ನೇರ ಅಂಟೋ ಗುಂಪು) ಮೂಲಕ ಒಂದೇ ಹಂತದಲ್ಲಿ ಅಂಟ್ಸಿ ತೋರ್ಸಿದಾರೆ, ಮುಂದಿನ ಬ್ಯಾಚ್ ಆ ದಾರೀಲೇ.