ಮೈಕೊಬ್ಬು ಅಳೆಯಲು ಯಾವುದು: ಮನೆಯ ಯಂತ್ರವೋ, ಡೆಕ್ಸಾ ಸ್ಕ್ಯಾನೋ?

ಕೊಬ್ಬಿನ ಪ್ರಮಾಣ ತೋರಿಸುವ ತೂಕದ ಯಂತ್ರ ಕೊಬ್ಬನ್ನು ನೇರವಾಗಿ ಅಳೆಯುವುದೇ ಇಲ್ಲ. ಬರಿಗಾಲಲ್ಲಿ ನಿಂತಾಗ ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣ ಕರೆಂಟು ಹರಿಸಿ, ಎಷ್ಟು ತಡೆ ಬಂತು ಅಂತ ನೋಡುತ್ತದೆ. ಸ್ನಾಯುವಿನಲ್ಲಿ ನೀರು ಜಾಸ್ತಿ, ಕರೆಂಟು ಸಲೀಸಾಗಿ ಹರಿಯುತ್ತದೆ. ಕೊಬ್ಬಿನಲ್ಲಿ ತಡೆ ಹೆಚ್ಚು. ಮಿಕ್ಕಿದ್ದು ಎತ್ತರ, ವಯಸ್ಸು ಸೇರಿಸಿ ಹಾಕಿದ ಲೆಕ್ಕ. ಹಾಗಾಗಿ ಬೆವರಿಳಿಸಿ ಬಂದು ನಿಂತರೆ ಅಂಕಿಯೇ ಬೇರೆ. ಅರ್ಧ ಗಂಟೆಯಲ್ಲಿ ಕೊಬ್ಬು ಅಷ್ಟು ಬದಲಾಗಲ್ಲ, ಅಲ್ವಾ?

ಡೆಕ್ಸಾ ಎರಡು ಬಗೆಯ ಶಕ್ತಿಯ ಎಕ್ಸ್‌ರೇ ಹಾಯಿಸಿ ಮೂಳೆ, ಕೊಬ್ಬು, ಉಳಿದ ಮೃದು ಭಾಗ ಮೂರನ್ನೂ ಬಿಡಿಸಿ ತೋರಿಸುತ್ತದೆ. ಅದೂ ಕೈಯಲ್ಲಿ ಎಷ್ಟು, ಕಾಲಲ್ಲಿ ಎಷ್ಟು, ಹೊಟ್ಟೆಯಲ್ಲಿ ಎಷ್ಟು ಅಂತ. ವಿಕಿರಣ ತೀರಾ ಕಡಿಮೆ, ಆದರೂ ಗರ್ಭಿಣಿಯರಿಗೆ ಬೇಡ. ಇದೂ ಕಲ್ಲಲ್ಲಿ ಕೊರೆದ ಅಂಕಿಯೇನಲ್ಲ. ಯಂತ್ರ ಬದಲಾದರೆ ಸ್ವಲ್ಪ ಆಚೀಚೆ ಆಗುತ್ತದೆ.

ಕ್ಯಾಲಿಪರ್ ಅನ್ನೋ ಇಕ್ಕಳದಂಥ ಸಾಧನದಲ್ಲಿ ಚರ್ಮದ ಮಡಿಕೆ ಹಿಡಿದು ಅಳೆಯುವುದೂ ಇದೆ. ಅಳೆಯುವವರ ಕೈ ಪಳಗಿದ್ದರೆ ಸರಿ, ಇಲ್ಲದಿದ್ದರೆ ಸುಮ್ನೆ ಚಿವುಟಿಸಿಕೊಂಡ ಹಾಗೆ.

ನನ್ನ ಪ್ರಕಾರ, ನಂಬುವಂಥ ಒಂದು ಅಂಕಿ ಬೇಕಿದ್ದರೆ ಡೆಕ್ಸಾ. ತಿಂಗಳುಗಟ್ಟಲೆ ಏರಿಳಿತ ಗಮನಿಸಲು ಮನೆಯ ಯಂತ್ರ ಸಾಕು. ಆದರೆ ದಿನಾ ಒಂದೇ ಹೊತ್ತಿಗೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಿಲ್ಲಿ. ಪೇಸ್‌ಮೇಕರ್ ಇರುವವರು ಮಾತ್ರ ಅದನ್ನು ಹತ್ತಬೇಡಿ.